ಹದಿನೇಳು ಸೀರೆ ಉದ್ದದ ಓಣಿ

ಬೆಳಗಿನ ಐದೂಕಾಲು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಇನ್ನೂ ಒಂದು ಮಗ್ಗವೂ ಸದ್ದು ಮಾಡಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ಬಲಗೈಯಲ್ಲಿ ಮುಷ್ಟಿಗಾತ್ರದ ಕಲ್ಲು ಹಿಡಿದು ಸಾವಕ್ಕ ವಾಲ್ವಿನ ಗುಂಡಿಯ ಪಕ್ಕ ನಿಂತಿದ್ದಾರೆ. ಗುಂಡಿಯೊಳಗೆ ಸೊಂಟದವರೆಗೆ ಇಳಿದಿರುವವರು ಕಾಮಣ್ಣ, ಹದಿನೆಂಟು ವರ್ಷಗಳಿಂದ ಈ ಭಾಗಕ್ಕೆ ನೀರು ಬಿಡುತ್ತಿರುವ ವಾಲ್ವ್‌ಮನ್. ಅವರು ಚಾವಿ ತಿರುವುತ್ತಾರೆ. ಪೈಪಿನಲ್ಲಿ ಮೊದಲು ಗಾಳಿ ಗುರುಗುಟ್ಟುತ್ತದೆ, ಆಮೇಲೆ ನೀರು ಬರುತ್ತದೆ. ಸಾವಕ್ಕ ನೇರ ಲೈಟಿನ ಕಂಬದ ಹತ್ತಿರ ಹೋಗಿ ಕಲ್ಲಿನಿಂದ ಮೂರು ಸಲ ಬಾರಿಸುತ್ತಾರೆ. ಓಣಿಯ ಉದ್ದಕ್ಕೂ ಬಾಗಿಲುಗಳು ತೆರೆಯುತ್ತವೆ, ಕೊಡಗಳು ಹೊರಬರುತ್ತವೆ.

ಮೂರು ಪೆಟ್ಟು ಬಿದ್ದರೆ ಹೊಳೆನೀರು, ಎರಡು ಬಿದ್ದರೆ ಬೋರಿನ ನೀರು. ಈ ಕಾಯದೆ ಎಲ್ಲಿಯೂ ಬರೆದಿಲ್ಲ. ಆದರೆ ಓಣಿಯ ಮೂರು ವರ್ಷದ ಕೂಸಿಗೂ ಗೊತ್ತು. "ಏಳು ಗಂಟೇಕ ಮಗ್ಗ ಶುರುವಾದ್ವು ಅಂದ್ರ ಮೈಕ ಹಚ್ಚಿ ಒದರಿದ್ರೂ ಕೇಳಂಗಿಲ್ರಿ. ಅದಕ್ಕ ಕಬ್ಬಿಣದ ಸಪ್ಪಳಾ ಮಾಡೂದು. ಅದೊಂದು ಕಿವೀಗೆ ನಾಟತೈತಿ," ಎನ್ನುತ್ತಾರೆ ಸಾವಕ್ಕ. ಗುಂಡಿಯಿಂದ ಮೇಲೆ ಬರುತ್ತ ಕಾಮಣ್ಣ ತಮ್ಮ ಮಾತನ್ನೂ ಸೇರಿಸುತ್ತಾರೆ: "ಕಂಬ ಸಣ್ಣಾಗಾಕತ್ತೈತಿ ನೋಡ್ರಿ. ಇನ್ನ ಐದು ವರ್ಷ ಅಕ್ಕಾರು ಮೆಂಬರ್ ಆದ್ರ ಅದು ಉಳಿಯಂಗಿಲ್ಲ."

ಸಾವಕ್ಕ ನಗರಸಭೆಯ ಸದಸ್ಯೆ. ಊರವರ ಬಾಯಲ್ಲಿ 'ಮೆಂಬರ್ ಸಾವಕ್ಕ'. ವಯಸ್ಸು ನಲವತ್ತೊಂಬತ್ತು, ಓದಿದ್ದು ಏಳನೆಯ ಇಯತ್ತೆ. ಹೆಸರು ಪತ್ರಿಕೆಯಲ್ಲಿ ಬಂದದ್ದು ಇದುವರೆಗೆ ಒಂದೇ ಸಲ, ಅದೂ ಗೆದ್ದವರ ಪಟ್ಟಿಯಲ್ಲಿ, ಅದೂ ತಪ್ಪಾಗಿ. ಫ್ಲೆಕ್ಸಿನಲ್ಲಿ ಅವರ ಮುಖ ಕಂಡವರಿಲ್ಲ. ಕಚೇರಿಗೆ ಹೋಗುವುದು ಶೇರ್ ಆಟೋದಲ್ಲಿ, ಬರುವುದು ಯಾರಾದರೂ ಸಿಕ್ಕರೆ ಅವರ ಗಾಡಿಯ ಹಿಂದೆ, ಸಿಗದಿದ್ದರೆ ನಡೆದು.

ಅವರ ತವರು ಜಮಖಂಡಿ ತಾಲ್ಲೂಕಿನ ಹುನ್ನೂರ, ಹೊಲಮನೆಯ ಕುಟುಂಬ. ಮದುವೆಯಾಗಿ ಬನಹಟ್ಟಿಗೆ ಬಂದಾಗ ತಡರಾತ್ರಿಯವರೆಗೂ ಓಡುವ ಮಗ್ಗದ ಸದ್ದಿಗೆ ಹದಿನೈದು ದಿನ ನಿದ್ದೆ ಮಾಡಲಿಲ್ಲವಂತೆ. ಈಗ ಆ ಸದ್ದು ನಿಂತರೆ ಎಚ್ಚರವಾಗುತ್ತದೆ. ಗಂಡ ಶಿದ್ರಾಮಪ್ಪ ಎರಡು ಪಾವರ್‌ಲೂಮ್ ಓಡಿಸುತ್ತಾರೆ. ನೂಲಿನ ಕಂಡಿಕೆ ಸುತ್ತುವುದು, ಇಳಿದ ಸೀರೆಯನ್ನು ಮಡಚಿ ಅಳತೆ ನೋಡುವುದು, ನೂಲು ಕೊಟ್ಟ ಸಾವುಕಾರರ ಅಂಗಡಿಗೆ ಒಪ್ಪಿಸಿ ಬರುವುದು ಸಾವಕ್ಕನ ಪಾಲು. ಮೆಂಬರ್ ಆದಮೇಲೂ ಇದರಲ್ಲಿ ಒಂದನ್ನೂ ಬಿಟ್ಟಿಲ್ಲ.

ಚುನಾವಣೆಗೆ ನಿಂತದ್ದು ಅವರ ಬಯಕೆಯೇನಲ್ಲ. ವಾರ್ಡು ಮಹಿಳೆಗೆ ಮೀಸಲಾಯಿತು. ಓಣಿಯ ಹಿರಿಯರು ಶಿದ್ರಾಮಪ್ಪನವರನ್ನು ಕಂಡು, ಹೆಸರು ಹೆಂಡತಿಯದಿರಲಿ, ಕೆಲಸ ನೀನು ನೋಡಿಕೊಂಡರಾಯಿತು ಎಂದರು. ಇಂಥ ಏರ್ಪಾಡು ನಾಡಿನಲ್ಲಿ ಹೊಸದಲ್ಲ. ಗೆದ್ದ ಮೊದಲ ದಿನ ಶಿದ್ರಾಮಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಸಿಲ ಮೇಲೆ ನಿಂತಿದ್ದರು. ಸಾವಕ್ಕ ಚೀಲ ಹೆಗಲಿಗೇರಿಸಿಕೊಂಡು ಹೊರಬಂದು ಒಮ್ಮೆ ನೋಡಿದರು. "ನೀವೆಲ್ಲಿಗ್ರಿ? ಎರಡನೇ ಮಗ್ಗದಾಗ ಎಳಿ ಹರದಾವು, ಅದನ್ನ ನೋಡ್ರಿ," ಎಂದು ಆಟೋ ಹತ್ತಿದರು. ಆ ಅಂಗಿ ಆಮೇಲೆ ಮದುವೆ ಮುಂಜಿಗೆ ಉಪಯೋಗವಾಯಿತು ಎಂದು ಶಿದ್ರಾಮಪ್ಪ ತಾವೇ ನಗುತ್ತ ಹೇಳುತ್ತಾರೆ.

ವಾರ್ಡಿನಲ್ಲಿ ನಾನೂರ ಹನ್ನೆರಡು ಮನೆ, ಅರವತ್ತೊಂದು ಬೀದಿದೀಪ, ಮೂರು ಬೋರು, ಎರಡು ಅಂಗನವಾಡಿ. ಮಧ್ಯಾಹ್ನದೊಳಗೆ ಫೋನು ಕಡಿಮೆಯೆಂದರೆ ಇಪ್ಪತ್ತು ಸಲ ಬಡಿದುಕೊಳ್ಳುತ್ತದೆ. ಪಿಂಚಣಿ ನಿಂತಿದೆ, ದೀಪ ಹತ್ತಿಲ್ಲ, ರೇಶನ್ ಕಾರ್ಡಿನಲ್ಲಿ ಸತ್ತವರ ಹೆಸರು ಉಳಿದು ಇದ್ದವರ ಹೆಸರು ಹೋಗಿದೆ. ಇವು ಸರಿ. ಮುಧೋಳದಲ್ಲಿರುವ ತಮ್ಮ ಅಳಿಯನಿಗೆ ಫೋನು ಹಚ್ಚಿ ಬುದ್ಧಿ ಹೇಳು ಎನ್ನುವವರೂ ಇದ್ದಾರೆ. ಸಾವಕ್ಕ ಹೇಳುತ್ತಾರೆ ಕೂಡ. "ಮೆಂಬರ್ ಮಾತಾಡಾಕತ್ತೇನಿ ಅಂದ್ರ ಆ ಕಡೆಯಿಂದ ಸುಮ್ನ ಕೇಳತಾರ್ರಿ. ಯಾವ ಊರಿನ ಮೆಂಬರ್ ಅಂತ ಒಬ್ರೂ ಕೇಳಿಲ್ಲ ಇಲ್ಲೀತನಕ."

ಆದರೆ ಸಾವಕ್ಕನ ಅಸಲು ಆಡಳಿತ ನಡೆಯುವುದು ಕರೆಂಟು ಹೋದಾಗ. ಮಗ್ಗ ಓಡುವ ಹೊತ್ತಿನಲ್ಲಿ ಈ ಓಣಿಯಲ್ಲಿ ಯಾರಿಗೆ ಯಾರೂ ಸಿಗುವುದಿಲ್ಲ. ಸಭೆ ಕರೆದರೆ ನಾಲ್ಕು ಜನ ಬರುತ್ತಾರೆ, ಅವರೂ ಮನೆಯ ಕಡೆ ಕಿವಿಯಿಟ್ಟು ನಿಂತಿರುತ್ತಾರೆ. ಗೆದ್ದ ಹೊಸತರಲ್ಲಿ ಹೀಗೆ ಎರಡು ಸಭೆ ಹಾಳಾದವು. ಮೂರನೆಯದಕ್ಕೆ ಸಾವಕ್ಕ ದಿನವನ್ನೇ ಗೊತ್ತು ಮಾಡಲಿಲ್ಲ. ಲೈನ್ ದುರಸ್ತಿಗೆಂದು ಕರೆಂಟು ತೆಗೆದ ಒಂದು ಮಧ್ಯಾಹ್ನ, ಮಗ್ಗಗಳೆಲ್ಲ ಒಮ್ಮೆಲೇ ನಿಂತು ಜನ ಬೆವರೊರೆಸಿಕೊಳ್ಳುತ್ತ ಕಟ್ಟೆಗಳಿಗೆ ಬಂದು ಕೂತರು. ಸಾವಕ್ಕ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ, "ಬರ್ರಿ, ಏನೇನ ತಕರಾರೈತಿ ಹೇಳ್ರಿ," ಎಂದರು. ಅಂದಿನಿಂದ ಅದೇ ರೂಢಿ. ಕರೆಂಟು ಹೋದ ಐದು ನಿಮಿಷಕ್ಕೆ ಮೆಂಬರ್ ಕುರ್ಚಿಯಲ್ಲಿರಬೇಕು. ಮಾತನಾಡುವವರು ಚುಟುಕಾಗಿ ಮುಗಿಸಬೇಕು, ಯಾಕೆಂದರೆ ಕರೆಂಟು ಬಂದ ಕೂಡಲೇ ಅರ್ಧ ಮಾತು ಬಾಯಲ್ಲಿ ಬಿಟ್ಟು ಎಲ್ಲರೂ ಒಳಗೆ ಓಡುತ್ತಾರೆ. ಇಷ್ಟು ಶಿಸ್ತಿನ ಸಭೆಗಳನ್ನು ನಡೆಸುವವರು ನಾಡಿನಲ್ಲಿ ಇನ್ನೊಬ್ಬರು ಇರಲಾರರು.

ಇಂಥದೇ ಒಂದು ಸಭೆಯಲ್ಲಿ ಗಟಾರದ ಮಾತು ಬಂದದ್ದು. ಓಣಿಗೆ ಚರಂಡಿಯೇ ಇರಲಿಲ್ಲ. ಮೇಲಿನ ತುದಿಯಿಂದ ಕೆಳಗಿನ ದೊಡ್ಡ ನಾಲೆಯವರೆಗೆ ಸಿಮೆಂಟಿನ ಗಟಾರ ಆಗಬೇಕು ಎಂದು ಎಲ್ಲರೂ ಒಂದೇ ಮಾತಿನಲ್ಲಿ ಕೇಳಿದರು. ಸಾವಕ್ಕ ಎಂಟು ತಿಂಗಳು ಕಚೇರಿಗೆ ಎಡತಾಕಿ ಮಂಜೂರು ಮಾಡಿಸಿದರು. ಕೊನೆಗೆ ಉಳಿದದ್ದು ಓಣಿಯ ಉದ್ದ ಬರೆದುಕೊಡುವ ಕೆಲಸ. ಮಳೆಗಾಲ ಹತ್ತಿರ ಬಂದಿತ್ತು. ಎಂಜಿನಿಯರು ಎರಡು ದಿನ ಬಿಟ್ಟು ಟೇಪು ತಂದು ಅಳೆಯುತ್ತೇನೆ ಎಂದರು. ಸಾವಕ್ಕನಿಗೆ ಎರಡು ದಿನವೂ ಹೆಚ್ಚೆನಿಸಿತು.

"ಬ್ಯಾಡ್ರಿ ಸಾಹೇಬ್ರ, ನಾ ಅಳದೇನಿ, ಬರಕೋರಿ ಅಂದೆ. ಅವ್ರದೇನೂ ತಪ್ಪಿಲ್ಲ. ಅಳತಿನೂ ನಂದ, ಅವಸರನೂ ನಂದ," ಎನ್ನುವಾಗ ಸಾವಕ್ಕ ಈಗಲೂ ಹಣೆ ಒತ್ತಿಕೊಳ್ಳುತ್ತಾರೆ.

ಅವರು ಅಳೆದದ್ದು ಸೀರೆಯಿಂದ. ನೇಕಾರರ ಮನೆಯಲ್ಲಿ ಟೇಪಿಗೇನು ಕೆಲಸ? ಅತ್ತೆ ಭಾಗವ್ವನ ತೊಳೆದ ಸೀರೆ ಹಗ್ಗದ ಮೇಲೆ ಒಣಗುತ್ತಿತ್ತು. ಅದನ್ನೇ ಎಳೆದುಕೊಂಡು, ಒಂದು ತುದಿ ಕಾಮಣ್ಣನಿಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು, ನೆಲಕ್ಕೆ ತಾಗದಂತೆ ಬಿಗಿಯಾಗಿ ಜಗ್ಗಿ ಓಣಿಯುದ್ದಕ್ಕೂ ನಡೆದರು. ಹದಿನೇಳು ಸೀರೆ ಆಯಿತು. ಚೀಟಿಯಲ್ಲಿ ಹಾಗೆಯೇ ಬರೆದುಕೊಂಡರು. ಮರುದಿನ ಕಚೇರಿಯಲ್ಲಿ ಎಂಜಿನಿಯರು, ಒಂದು ಸೀರೆ ಎಂದರೆ ಎಷ್ಟು ಮೀಟರಮ್ಮಾ ಎಂದು ಕೇಳಿದರು. ಸಾವಕ್ಕ ಕಣ್ಣು ಕೂಡ ಪಿಳುಕಿಸದೆ "ಐದೂವರೆ" ಎಂದರು. ದಿನಾ ಸಾವುಕಾರರ ಅಂಗಡಿಯಲ್ಲಿ ಹೇಳುವ ಮಾತು ಅದೇ. ಅವರ ಮಗ್ಗದಲ್ಲಿ ಇಳಿಯುವ ಸೀರೆಯೂ ಅಷ್ಟೇ. ಆದರೆ ಭಾಗವ್ವ ಉಡುವುದು ಕಚ್ಚೆ ಹಾಕುವ ಹಳೆಯ ಕಾಲದ ಒಂಬತ್ತು ವಾರಿ ಸೀರೆ. ಅದರ ಉದ್ದ ಎಂಟೂಕಾಲು ಮೀಟರು.

ನೂರ ನಲವತ್ತು ಮೀಟರಿನ ಓಣಿಗೆ ತೊಂಬತ್ತಮೂರೂವರೆ ಮೀಟರಿನ ಗಟಾರ ಮಂಜೂರಾಯಿತು. ಕೆಲಸ ನಡೆದ ಕೊನೆಯ ಮೂರು ದಿನ ಸಾವಕ್ಕ ಹುನ್ನೂರಿನಲ್ಲಿದ್ದರು, ತಮ್ಮನ ಮಗಳ ಸೀಮಂತಕ್ಕೆ. ಬರುವಷ್ಟರಲ್ಲಿ ಸಿಮೆಂಟು ಒಣಗಿತ್ತು, ಗೌಂಡಿಗಳು ಸಾಮಾನು ಕಟ್ಟಿಕೊಂಡು ಹೋಗಿದ್ದರು, ಗಟಾರ ಒಂದು ಮನೆಯ ಬಾಗಿಲ ಎದುರಿಗೆ ನಿಂತಿತ್ತು. ಅದು ಶಂಕ್ರೆವ್ವನ ಮನೆ.

ಶಂಕ್ರೆವ್ವ ಯಾರೆಂದು ಹೇಳಲೇಬೇಕು. ಸಾವಕ್ಕನ ವಯಸ್ಸಿನವರು, ಅದೇ ಓಣಿಗೆ ಅದೇ ವರ್ಷ ಸೊಸೆಯಾಗಿ ಬಂದವರು, ಇಪ್ಪತ್ತೈದು ವರ್ಷ ಜೊತೆಗೆ ಕೂತು ಶಾವಿಗೆ ಹೊಸೆದವರು. ಚುನಾವಣೆಯಲ್ಲಿ ಸಾವಕ್ಕನ ಎದುರು ನಿಂತು ಹನ್ನೊಂದು ಮತಗಳಿಂದ ಸೋತವರೂ ಅವರೇ. ಸೋತ ಮೇಲೆ ಮಾತು ಕಡಿಮೆಯಾಗಿತ್ತು. ಗಟಾರ ಬಂದು ಬಾಗಿಲಿಗೆ ನಿಂತ ಮೇಲೆ ಪೂರ್ತಿ ನಿಂತಿತು. ಓಣಿಯ ನೀರೆಲ್ಲ ಅವರ ಅಂಗಳದಲ್ಲಿ ಮಡುಗಟ್ಟತೊಡಗಿತು. ಮಗ್ಗದ ಮನೆ ಒಂದು ಮೆಟ್ಟಿಲು ತಗ್ಗಿನಲ್ಲಿದೆ. ಮಳೆ ಬಂದ ದಿನ ನೂಲಿನ ಗಂಟುಗಳನ್ನು ಅಟ್ಟಕ್ಕೇರಿಸಿ, ಬಾಗಿಲಿಗೆ ಚೀಲದಲ್ಲಿ ಮಣ್ಣು ತುಂಬಿ ಇಡಬೇಕಾಯಿತು.

ಓಣಿಯವರಿಗೆ ಯಾವ ಅನುಮಾನವೂ ಇರಲಿಲ್ಲ. ಸಾವಕ್ಕ ಬೇಕಂತಲೇ ಮಾಡಿಸಿದ್ದಾಳೆ ಎಂದು ಎಲ್ಲರೂ ನಂಬಿದರು. ಬೈದವರು ಕೆಲವರು. ಸಾವಕ್ಕನಿಗೆ ಹೆಚ್ಚು ನೋವಾದದ್ದು ಹೊಗಳಿದವರಿಂದ. "ಛಲೋ ಮಾಡಿದಿ ಬಿಡವಾ, ಸೊಕ್ಕ ಇಳಿತು," ಎಂದು ಇಬ್ಬರು ಹೆಂಗಸರು ದಾರಿಯಲ್ಲಿ ನಿಲ್ಲಿಸಿ ಕೈ ಹಿಡಿದರಂತೆ. "ಆವತ್ತು ಮನಿಗೆ ಬಂದು ಅತ್ತೀನಿ ನೋಡ್ರಿ. ನಾ ಅಂಥಾಕಿ ಅಂತ ತಿಳದು ಖುಷಿ ಪಟ್ಟಾರಲ್ಲ, ಅದಕ್ಕ."

ನಿಜ ಹೇಳಿಬಿಡುತ್ತೇನೆ ಎಂದು ಹೊರಟರೆ ತಡೆದವರು ಗಂಡ. ಶಿದ್ರಾಮಪ್ಪನವರ ಲೆಕ್ಕ ಬೇರೆಯಿತ್ತು. "ಸಿಟ್ಟಿಗೆ ಮಾಡ್ಯಾಳ ಅಂದ್ರ ಮೆಂಬರ್ ಕೆಟ್ಟಾಕಿ ಅಂತಾರ, ನಾಕು ದಿನ ಅಂದು ಬಿಡ್ತಾರ. ಸೀರಿ ಉದ್ದ ಗೊತ್ತಿಲ್ಲ ಅಂದ್ರ ನಾಳಿ ನಮಗ ನೂಲು ಕೊಡಾವ್ರು ಯಾರು?" ಎಂದು ಅವರು ಕೇಳಿದ್ದರಲ್ಲಿ ತಥ್ಯವಿಲ್ಲದೆ ಇರಲಿಲ್ಲ. ಸಾವಕ್ಕ ಒಂದು ವಾರ ಯೋಚಿಸಿದರು. ಮುಂದಿನ ಸಲ ಕರೆಂಟು ಹೋದಾಗ ಕುರ್ಚಿಯ ಮೇಲೆ ಕೂರದೆ, ನಿಂತುಕೊಂಡೇ ಇದ್ದದ್ದನ್ನು ಇದ್ದಂತೆ ಹೇಳಿದರು.

ಯಾರೂ ನಂಬಲಿಲ್ಲ. ಮೂವತ್ತು ವರ್ಷ ಸೀರೆ ಮಡಚಿದವಳಿಗೆ ಒಂಬತ್ತು ವಾರಿ ಯಾವುದು, ಆರು ವಾರಿ ಯಾವುದು ತಿಳಿಯಲಿಲ್ಲವಂತೆ! ಕತ್ತಲಲ್ಲಿ ಕೈಯಾಡಿಸಿ ಸೀರೆಯ ತೂಕ ಹೇಳುವ ಜನರ ಓಣಿ ಅದು. ಅಲ್ಲಿ ಬೇರೆ ಯಾವ ಸುಳ್ಳು ನಡೆದರೂ ಇದು ನಡೆಯುವಂತಿರಲಿಲ್ಲ. ಕಾಮಣ್ಣ ಸಾಕ್ಷಿ ಹೇಳಲು ಎದ್ದರು. "ಖರೆ ಐತ್ರಿ, ಆ ಕಡಿ ತುದಿ ನಾನ ಹಿಡದಿದ್ದೆ," ಎಂದರು. ಮೆಂಬರ್ ಹೇಳಿಸಿದ್ದು ಎಂದು ಜನ ನಕ್ಕರು. ಶಂಕ್ರೆವ್ವ ತಮ್ಮ ಕಟ್ಟೆಯ ಮೇಲಿಂದಲೇ ಎಲ್ಲ ಕೇಳಿ, ಎದ್ದು ಒಳಗೆ ಹೋದರು.

ಅಲ್ಲಿಗೆ ಮುಗಿದಿದ್ದರೆ ಮನಸ್ತಾಪ ಮಾತ್ರ ಉಳಿಯುತ್ತಿತ್ತು. ಆದರೆ ಗಟಾರ ಮುಂದುವರಿಯಬೇಕಾದರೆ ಶಂಕ್ರೆವ್ವನ ಒಪ್ಪಿಗೆ ಬೇಕಿತ್ತು. ಅವರ ಮನೆಯ ಮುಂದಿನ ಕಟ್ಟೆ ದಾರಿಗೆ ಒಂದು ಫೂಟು ಚಾಚಿಕೊಂಡಿದೆ. ಅದನ್ನು ಒಡೆಯದೆ ಉಳಿದ ನಲವತ್ತಾರು ಚಿಲ್ಲರೆ ಮೀಟರು ಆಗುವಂತಿಲ್ಲ. ಸಾವಕ್ಕ ಕಾಗದ ಹಿಡಿದು ನಾಲ್ಕು ಸಲ ಹೋದರು, ನಾಲ್ಕು ಸಲವೂ ಒಂದೇ ಉತ್ತರ: "ಮೊದಲ ಬಾಗಲಿಗೆ ನೀರ ನಿಲ್ಲಿಸಿದಿ. ಈಗ ಕಟ್ಟಿ ಕೆಡವಾಕ ಬಂದಿ. ಒಂದು ಬೆರಳಷ್ಟೂ ಮುಟ್ಟಾಕ ಬಿಡಂಗಿಲ್ಲ." ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು. ಸದಸ್ಯತ್ವದ ಅವಧಿ ಮುಗಿಯುತ್ತ ಬಂತು. ತನ್ನ ಮಾತನ್ನು ನಂಬಿಸಲಾಗದೆ ಹೋದರೆ ಆ ನೀರು ಅಲ್ಲಿಯೇ ನಿಲ್ಲುತ್ತದೆ, ತನ್ನ ಹೆಸರೂ ಅದರ ಜೊತೆ ಅಲ್ಲಿಯೇ ನಿಲ್ಲುತ್ತದೆ ಎಂಬ ಸಂಕಟ ಸಾವಕ್ಕನಿಗೆ ಅಂಟಿಕೊಂಡಿತು.

ಬಿಡಿಸಿದವರು ಎಂಬತ್ತೆರಡರ ಭಾಗವ್ವ. ಬೀಳಗಿ ಕಡೆಯ ಹೆಣ್ಣು, ಕಿವಿ ಸ್ವಲ್ಪ ಮಂದ, ನಾಲಗೆ ಚುರುಕು. ಕಳೆದ ಸಂಕ್ರಾಂತಿಯ ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಯಿತು. ಹಬ್ಬದ ಮುಂದಾದ್ದರಿಂದ ಹೆಂಗಸರೆಲ್ಲ ಹೊರಗಿದ್ದರು. ಶಂಕ್ರೆವ್ವ ಕೂಡ ತಮ್ಮ ಕಟ್ಟೆಯ ಮೇಲೆ ಎಳ್ಳು ಕೇರುತ್ತಿದ್ದರು. ಭಾಗವ್ವ ಕೋಲೂರಿಕೊಂಡು ಬಂದು ಓಣಿಯ ನಟ್ಟನಡುವೆ ನಿಂತರು. ಸಭೆಗೆ ಅವರು ಬಂದದ್ದು ಅದೇ ಮೊದಲು.

"ಏನ್ರವಾ, ಒಂದು ಮಾತ ಕೇಳತೇನಿ, ಎಲ್ಲಾರೂ ಹೇಳ್ರಿ," ಎಂದರು. "ಸೀರಿ ಅಂದ್ರ ಎಷ್ಟು ಮೀಟರ?"

"ಐದೂವರಿ," ಎಂದಿತು ಓಣಿ. ಮೂವತ್ತು ನಲವತ್ತು ಬಾಯಿ, ಒಂದೇ ಉತ್ತರ. ಗಂಡಸರೂ ಅಂದರು. ಎಳ್ಳಿನ ಮೊರದಿಂದ ತಲೆ ಎತ್ತದೆಯೇ ಶಂಕ್ರೆವ್ವ ಕೂಡ ಅಂದರು.

ಭಾಗವ್ವ ಕೋಲನ್ನು ಕಂಕುಳಲ್ಲಿ ಸಿಗಿಸಿ, ಎರಡೂ ಕೈಯಿಂದ ತಮ್ಮ ನಿರಿಗೆ ತೋರಿಸಿದರು. "ಹಂಗಾರ ನಾ ಉಟ್ಟಿದ್ದೇನ ಬೇ? ಟಾವೆಲ್ಲಾ? ನಿಮ್ಮ ಅತ್ತೆಂದಿರು ಉಟ್ಟಿದ್ದೇನು? ದಿನಾ ಕಣ್ಣಮುಂದ ಒಂಬತ್ತು ವಾರಿ ಉಟಗೊಂಡು ಅಡ್ಡಾಡತೇನಿ, ಒಬ್ಬರಿಗೂ ನೆನಪಾಗಲಿಲ್ಲ. ನಮ್ಮ ಸೊಸಿಗೆ ಆಗಿದ್ದೂ ಇಷ್ಟ."

 ಮೊದಲು ಯಾರೋ ಒಬ್ಬರು ನಕ್ಕರು, ಅವರ ಪಕ್ಕದವರು ನಕ್ಕರು, ನಗು ಮೇಲಿನ ತುದಿಯವರೆಗೆ ಹೋಯಿತು. ಅಷ್ಟರಲ್ಲಿ ಕರೆಂಟು ಬಂತು. ಸಾವಕ್ಕನ ಆಡಳಿತದಲ್ಲಿ ಮೊದಲ ಸಲ, ಕರೆಂಟು ಬಂದರೂ ಒಬ್ಬರೂ ಎದ್ದು ಒಳಗೆ ಹೋಗಲಿಲ್ಲ. ಎಲ್ಲರ ಕಣ್ಣು ಶಂಕ್ರೆವ್ವನ ಕಟ್ಟೆಯ ಮೇಲಿತ್ತು.

ಶಂಕ್ರೆವ್ವ ಮೊರ ಪಕ್ಕಕ್ಕಿಟ್ಟರು. ಕೈಗೆ ಅಂಟಿದ ಎಳ್ಳನ್ನು ಒಂದೊಂದಾಗಿ ಕೊಡವಿಕೊಂಡರು. "ನನ್ನ ಬಾಯಾಗೂ ಐದೂವರಿನ ಬಂತು," ಎಂದರು, ಯಾರಿಗೆಂದಿಲ್ಲದೆ. ಮತ್ತೆ ಸಾವಕ್ಕನ ಕಡೆ ತಿರುಗಿದರು. ಎರಡು ವರ್ಷದ ಮೇಲೆ ಸಿಟ್ಟಿಲ್ಲದೆ ಆಡಿದ ಮೊದಲ ಮಾತು ಅದು. "ಆ ಕಾಗದ ತಗೊಂಬಾ. ಕಟ್ಟಿ ಒಡೀಲಿ. ಒಂದು ಫೂಟಿನ ಮ್ಯಾಲ ಒಂದು ಬೆರಳ ಹೋತಂದ್ರ ಮಾತ್ರ ನಾ ಸುಮ್ನಿರಾಕಿ ಅಲ್ಲ."

ಸಾವಕ್ಕ ಕಾಗದ ತರಲು ಮನೆಗೆ ಹೋದವರು ಹತ್ತು ನಿಮಿಷವಾದರೂ ಬರಲಿಲ್ಲ. ಶಿದ್ರಾಮಪ್ಪ ಹೋಗಿ ನೋಡಿದರೆ ಕಂಡಿಕೆಯ ಬುಟ್ಟಿಯ ಪಕ್ಕ ಕೂತು ಅಳುತ್ತಿದ್ದರಂತೆ. ಅಂದಹಾಗೆ, ನೂಲು ಕೊಡುವವರು ಯಾರು ಎಂಬ ಗಂಡನ ಭಯಕ್ಕೆ ಸಾವುಕಾರರೇ ಉತ್ತರ ಕೊಟ್ಟರು. ಸುದ್ದಿ ಕೇಳಿ ಅವರು ಮಾಡಿದ್ದು ಒಂದೇ. ಅಂಗಡಿಯಲ್ಲಿ ಸಾವಕ್ಕ ಸೀರೆ ಒಪ್ಪಿಸಿದಾಗಲೆಲ್ಲ, "ಮೆಂಬರ್ ಬಾಯಿ, ಇದು ಯಾರ ಸೀರಿ, ನಿಮ್ಮದೋ ಅತ್ತಿದೋ?" ಎಂದು ಕೇಳುವುದು. ಅದು ಈಗಲೂ ನಿಂತಿಲ್ಲ.

ಈ ಮೇ ತಿಂಗಳಲ್ಲಿ ಕೆಲಸ ಮತ್ತೆ ಶುರುವಾಗಿದೆ. ಅಳತೆಯನ್ನು ಉಕ್ಕಿನ ಟೇಪಿನಿಂದ ಮೂರು ಸಲ ಮಾಡಲಾಗಿದೆ. ಎಂಜಿನಿಯರು ಒಮ್ಮೆ, ಸಾವಕ್ಕ ಒಮ್ಮೆ, ಇಬ್ಬರ ಮೇಲೂ ನಂಬಿಕೆಯಿಡದ ಶಂಕ್ರೆವ್ವ ಒಮ್ಮೆ. ಕಟ್ಟೆಯ ಒಂದು ಫೂಟು ಹೋಗಿದೆ. ಉಳಿದ ಕಟ್ಟೆಯ ಮೇಲೆ ಕೂತು ಶಂಕ್ರೆವ್ವ ಗೌಂಡಿಗಳಿಗೆ ಚಹಾ ಕೊಡುತ್ತ, ಸಿಮೆಂಟು ಎಷ್ಟು ಹಾಕಿದರು, ಉಸುಕು ಎಷ್ಟು ಹಾಕಿದರು ಎಂದು ನೋಡುತ್ತಿದ್ದಾರೆ. ಇನ್ನು ಆರು ಮೀಟರು ಮುಗಿದರೆ ಗಟಾರ ನಾಲೆಗೆ ಕೂಡುತ್ತದೆ. ಮುಂಗಾರಿಗೆ ಇನ್ನೂ ಹದಿನೈದು ದಿನವಿದೆ.

ನೀರು ಬಿಟ್ಟು ಮುಗಿಸಿ ಸಾವಕ್ಕ ಇತ್ತ ಬರುತ್ತಾರೆ, ನೀರು ಸರಾಗ ಇಳಿಯುತ್ತದೆಯೇ ಎಂದು ಬಗ್ಗಿ ಗಟಾರದ ವಾಟ ನೋಡುತ್ತಾರೆ. ಮುಂದಿನ ಚುನಾವಣೆಗೆ ನಿಲ್ಲುತ್ತೀರಾ ಎಂದರೆ ಕೈ ಝಾಡಿಸುತ್ತಾರೆ. ಮೀಸಲಾತಿ ಹೇಗೆ ಬರುತ್ತದೋ ಯಾರಿಗೆ ಗೊತ್ತು, ಬಂದಾಗ ನೋಡಿದರಾಯಿತು. ಹಾಗಾದರೆ ಏನು ಆಸೆ ಎಂದರೆ ಗಟಾರದಿಂದ ತಲೆ ಎತ್ತುತ್ತಾರೆ.

"ದೊಡ್ಡದೇನಿಲ್ರಿ. ಮೆಂಬರ್ ಅಂದಮ್ಯಾಲ ಬೈಯೂದು ಇದ್ದದ್ದ. ನಾ ಮಾಡಿದ ತಪ್ಪಿಗೆ ಬೈಲಿ, ಕೇಳತೇನಿ. ಮಾಡಲಾರದ್ದಕ್ಕ ಬೈಬಾರದು. ಅಷ್ಟ ಸಾಕು ನನಗ."

ಕಟ್ಟೆಯ ಮೇಲಿಂದ ಶಂಕ್ರೆವ್ವ ಕಪ್ಪಿಗೆ ಚಹಾ ಸುರಿಯುತ್ತಲೇ ಹೇಳುತ್ತಾರೆ:

"ಬೈಯಾಕ ನಾ ಅದೀನಿ, ನೀ ಅದರ ಚಿಂತಿ ಬಿಡು. ಬಾ, ಚಾ ಆರಾಕತ್ತೈತಿ."